ಉಂಡ ಮನೆಯ ಜಂತೆ ಮತ್ತು ಸರಕಾರದ ಬಹುಮಾನ



ಟಿಕೋಟಾ ಭಾಗದ ತಾಯಿಯೊಬ್ಬರು ಈ ಅಂಕಣಕ್ಕೆ ಪತ್ರ ಬರೆದು ಒಂದು ಕಠಿಣ ಪ್ರಶ್ನೆಯನ್ನು ಕೇಳಿದ್ದಾರೆ. ಪ್ರಶ್ನೆಯ ಸ್ವರೂಪವೇ ಅಂಥದಾದ್ದರಿಂದ ಅವರ ಹೆಸರನ್ನಾಗಲಿ ಊರನ್ನಾಗಲಿ ನಾವು ಇಲ್ಲಿ ಬರೆಯುವುದಿಲ್ಲ. ಅವರ ಮಗನು ವಿಜಯಪುರ ನಗರದ ಒಣದ್ರಾಕ್ಷಿ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತ. ಧಣಿಗಳು ಲೆಕ್ಕಕ್ಕೆ ಬಾರದ ಹಣದಿಂದ ಬಬಲೇಶ್ವರದ ಕಡೆ ನೀರಾವರಿ ಹೊಲವೊಂದನ್ನು ತಮ್ಮ ಗಾಡಿಯ ಚಾಲಕನ ಹೆಸರಿನಲ್ಲಿ ಖರೀದಿಸಿದ್ದು ಅವನಿಗೆ ತಿಳಿದುಬಂದಿದೆ. ಇಂಥದನ್ನು ತಿಳಿಸಿದವರಿಗೆ ಸರಕಾರವು ಬಹುಮಾನ ಕೊಡುವುದೆಂದೂ ಅವನು ಓದಿದ್ದಾನೆ. ತಾಯಿಯ ಮಾತು ಹೀಗಿದೆ: "ಹೇಳಿದರ ಉಂಡ ಮನಿ ಜಂತಿ ಎಣಿಸಿದಂಗ ಆಗತೈತ್ರಿ. ಹೇಳದಿದ್ದರ ಅವನ ಮನಸ್ಸು ತಡಿಯೂದಿಲ್ಲ. ರೊಕ್ಕ ತಗೊಂಡು ಖರೇ ಹೇಳೂದು ಧರ್ಮ ಅನಿಸತೈತೇನ್ರಿ?"

ಇದು ಒಂದು ಮನೆಯ ಪ್ರಶ್ನೆಯಲ್ಲ. ಆದುದರಿಂದ ಮೊದಲು ಕಾನೂನನ್ನೂ ಬಳಿಕ ಧರ್ಮವನ್ನೂ ವಿವೇಚಿಸೋಣ.

ಹಣ ಒಬ್ಬನದು, ಹೆಸರು ಇನ್ನೊಬ್ಬನದು, ಸುಖ ಹಣ ಕೊಟ್ಟವನದು. ಇದಕ್ಕೆ ಬೇನಾಮಿ ವ್ಯವಹಾರವೆಂದು ಹೆಸರು. ಇದನ್ನು ನಿಷೇಧಿಸುವ ಕಾಯಿದೆ 1988ರಲ್ಲಿಯೇ ಬಂದಿದ್ದರೂ ಅದಕ್ಕೆ ಹಲ್ಲು ಬಂದದ್ದು 2016ರ ತಿದ್ದುಪಡಿಯಿಂದ. ತಿದ್ದುಪಡಿಯಾದ ಕಾಯಿದೆಯು ಆ ವರ್ಷದ ನವೆಂಬರ್ 1ರಿಂದ ಜಾರಿಗೆ ಬಂದಿತು. ಅದರಂತೆ ಆಸ್ತಿಯನ್ನು ಮುಟ್ಟುಗೋಲು ಹಾಕಿಕೊಳ್ಳಬಹುದು. ಒಂದು ವರ್ಷದಿಂದ ಏಳು ವರ್ಷಗಳವರೆಗೆ ಕಠಿಣ ಸೆರೆವಾಸವನ್ನೂ ಆಸ್ತಿಯ ಮಾರುಕಟ್ಟೆ ಬೆಲೆಯ ಶೇಕಡಾ 25ರವರೆಗೆ ದಂಡವನ್ನೂ ವಿಧಿಸಬಹುದು. ಈ ಶಿಕ್ಷೆ ಹಣ ಹಾಕಿದ ಧಣಿಗೆ ಮಾತ್ರವಲ್ಲ, ಹೆಸರು ಕೊಟ್ಟ ಚಾಲಕನಿಗೂ ಉಂಟು. ಧಣಿಯ ಮಾತು ಮೀರಲಾರದೆ ಸಹಿ ಮಾಡಿದ ಬಡವನೂ ಕಟಕಟೆಯಲ್ಲಿ ನಿಲ್ಲಬೇಕಾಗುತ್ತದೆ. ಆದರೆ ಗೃಹಸ್ಥರು ಅನಾವಶ್ಯಕವಾಗಿ ಅಂಜಬೇಕಾಗಿಲ್ಲ. ಲೆಕ್ಕವುಳ್ಳ ಸ್ವಂತ ಸಂಪಾದನೆಯಿಂದ ಹೆಂಡತಿಯ ಅಥವಾ ಮಕ್ಕಳ ಹೆಸರಿನಲ್ಲಿ ಮನೆ, ಹೊಲ ಕೊಂಡರೆ ಅದು ಬೇನಾಮಿ ಎನಿಸುವುದಿಲ್ಲ.

ಇನ್ನು ಬಹುಮಾನದ ಸಂಗತಿ. ಕೇಂದ್ರ ಸರಕಾರವು 2018ರಲ್ಲಿ ಇದಕ್ಕಾಗಿ ಎರಡು ಯೋಜನೆಗಳನ್ನು ಪ್ರಕಟಿಸಿತು. ಬೇನಾಮಿ ಆಸ್ತಿಯ ಖಚಿತ ಸುಳಿವು ಕೊಟ್ಟವರಿಗೆ 1 ಕೋಟಿ ರೂಪಾಯಿಗಳವರೆಗೆ, ಆದಾಯ ತೆರಿಗೆಯ ದೊಡ್ಡ ವಂಚನೆಯನ್ನು ತಿಳಿಸಿದವರಿಗೆ 50 ಲಕ್ಷದವರೆಗೆ, ಹೊರದೇಶಗಳಲ್ಲಿ ಬಚ್ಚಿಟ್ಟ ಕಪ್ಪು ಹಣವನ್ನು ತಿಳಿಸಿದವರಿಗೆ 5 ಕೋಟಿಯವರೆಗೆ ಬಹುಮಾನವೆಂದು ಅವು ಹೇಳಿದವು. ಶೇರು ಪೇಟೆಯನ್ನು ನಿಯಂತ್ರಿಸುವ ಸೆಬಿ ಸಂಸ್ಥೆಯೂ ಕಂಪನಿಗಳ ಒಳಗುಟ್ಟಿನಿಂದ ಲಾಭ ಮಾಡಿಕೊಳ್ಳುವವರ ವಿಷಯ ತಿಳಿಸಿದವರಿಗೆ 2019ರಲ್ಲಿ 1 ಕೋಟಿಯ ಮಿತಿ ಇಟ್ಟು, 2021ರಲ್ಲಿ ಅದನ್ನು 10 ಕೋಟಿಗೆ ಏರಿಸಿತು.

ಮೊತ್ತವನ್ನು ಕೇಳಿ ಹಿಗ್ಗುವವರು ಷರತ್ತುಗಳನ್ನೂ ಕೇಳಬೇಕು. "ವರೆಗೆ" ಎಂಬ ಮಾತೇ ಇಲ್ಲಿ ಮುಖ್ಯ. ಬೇನಾಮಿ ಯೋಜನೆಯಲ್ಲಿ ಅಂತಿಮ ಬಹುಮಾನವು ಆಸ್ತಿಯ ಬೆಲೆಯ ಶೇಕಡಾ 5ನ್ನು ಮೀರದು; ಅದೂ ಮುಟ್ಟುಗೋಲು ಕೊನೆಯ ಹಂತಕ್ಕೆ ಬಂದ ಬಳಿಕ. ನ್ಯಾಯಾಲಯಗಳ ಮೆಟ್ಟಿಲು ಹತ್ತಿ ಇಳಿಯುವಷ್ಟರಲ್ಲಿ ವರ್ಷಗಳೇ ಉರುಳುತ್ತವೆ. ಮಧ್ಯಂತರ ಬಹುಮಾನವೊಂದು ಉಂಟಾದರೂ ಅದು ಅಲ್ಪ. ಬಹುಮಾನವು ಸರಕಾರದ ಅನುಗ್ರಹವೇ ಹೊರತು ಹಕ್ಕಿನಿಂದ ಕೇಳಿ ಪಡೆಯುವಂಥದಲ್ಲ. ಹೆಸರಿಲ್ಲದ ಮೂಕರ್ಜಿಗೆ ಬಹುಮಾನವಿಲ್ಲ. ಗೊತ್ತುಪಡಿಸಿದ ಅಧಿಕಾರಿಯ ಮುಂದೆ ನಿಗದಿತ ನಮೂನೆಯಲ್ಲಿ, ಇಂಥ ಆಸ್ತಿ, ಇಂಥ ಸ್ಥಳ, ಇಂಥ ಆಧಾರವೆಂದು ಬರೆದುಕೊಡಬೇಕು. ಕೊಟ್ಟವರ ಗುರುತನ್ನು ಗುಪ್ತವಾಗಿಡುವುದಾಗಿ ಯೋಜನೆ ಹೇಳುತ್ತದೆ. ಬೇಕೆಂದೇ ಸುಳ್ಳು ಬರೆದವನು ತಾನೇ ಮೊಕದ್ದಮೆಗೆ ಗುರಿಯಾಗುತ್ತಾನೆ.

ಈ ಪದ್ಧತಿಯನ್ನು ಕೆಲವರು ಪಾಶ್ಚಾತ್ಯರಿಂದ ಬಂದದ್ದೆಂದು ಭಾವಿಸುತ್ತಾರೆ. ಅಮೆರಿಕೆಯಲ್ಲಿ ಇದು ಬಲವಾಗಿ ಬೆಳೆದಿರುವುದು ನಿಜ. ಅಲ್ಲಿ 1863ರಲ್ಲಿ, ಲಿಂಕನ್ನರ ಕಾಲದಲ್ಲಿ, ಸೈನ್ಯಕ್ಕೆ ಕಳಪೆ ಸಾಮಾನು ಪೂರೈಸಿದ ಗುತ್ತಿಗೆದಾರರನ್ನು ಹಿಡಿಯಲು ಇಂಥ ಕಾನೂನು ಮಾಡಿದರು. ನಮ್ಮ ದೇಶದವರೇ ಆದ ದಿನೇಶ ಠಾಕೂರ್ ಅವರು ರ‍್ಯಾನ್‌ಬ್ಯಾಕ್ಸಿ ಔಷಧ ಕಂಪನಿಯ ಸುಳ್ಳು ದಾಖಲೆಗಳನ್ನು ಬಯಲಿಗೆಳೆದಾಗ, 2013ರಲ್ಲಿ ಆ ಕಂಪನಿಯು ಅಲ್ಲಿ 50 ಕೋಟಿ ಡಾಲರು ತೆರಬೇಕಾಯಿತು. ಅದರಲ್ಲಿ ಸುಮಾರು 4 ಕೋಟಿ 80 ಲಕ್ಷ ಡಾಲರು ಠಾಕೂರರಿಗೆ ಸಂದಿತು.

ಆದರೆ ಮೂಲ ನಮ್ಮಲ್ಲಿಯೂ ಉಂಟು. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಶಾಮಶಾಸ್ತ್ರಿಗಳು ಕಂಡುಹಿಡಿದು 1909ರಲ್ಲಿ ಅಚ್ಚಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ರಾಜಧನದ ಅಪಹಾರವನ್ನು ತಿಳಿಸಿ ಸಿದ್ಧಪಡಿಸಿದವನಿಗೆ ಆರನೆಯ ಒಂದು ಪಾಲನ್ನೂ, ಅವನು ಸಂಬಳದ ಸೇವಕನಾಗಿದ್ದರೆ ಹನ್ನೆರಡನೆಯ ಒಂದು ಪಾಲನ್ನೂ ಕೊಡಬೇಕೆಂಬ ವಿಧಿಯಿದೆ. ಆರೋಪ ಸಿದ್ಧವಾಗದಿದ್ದರೆ ಹೇಳಿದವನಿಗೇ ಶಿಕ್ಷೆ. ಬಹುಮಾನದ ಆಸೆಯನ್ನೂ ಸುಳ್ಳಿನ ಭಯವನ್ನೂ ಒಂದೇ ತಕ್ಕಡಿಯಲ್ಲಿಟ್ಟ ವ್ಯವಸ್ಥೆ ಅದು.

ಈಗ ಧರ್ಮದ ಮಾತಿಗೆ ಬರೋಣ. ಉಂಡ ಮನೆಯ ಜಂತೆ ಎಣಿಸಬಾರದೆಂಬ ಗಾದೆ ಒಳ್ಳೆಯದೇ. ಅತಿಥಿಯಾಗಿ ಉಂಡವನು ಆ ಮನೆಯ ಬಡತನವನ್ನೋ ಒಳಜಗಳವನ್ನೋ ಬೀದಿಯಲ್ಲಿ ಆಡಬಾರದೆಂಬುದು ಅದರ ತಾತ್ಪರ್ಯ. ಆದರೆ ಗುಮಾಸ್ತನು ಧಣಿಯ ಮನೆಯ ಅತಿಥಿಯಲ್ಲ. ಅವನು ಪಡೆಯುವುದು ಅವನ ಕಾಯಕದ ಫಲ. ಧಣಿಯು ಅವನ ದುಡಿಮೆಯನ್ನು ಕೊಂಡಿದ್ದಾನೆಯೇ ವಿನಾ ಅವನ ಕಣ್ಣನ್ನೂ ನಾಲಗೆಯನ್ನೂ ಕೊಂಡಿಲ್ಲ. ಅಲ್ಲದೆ ತಪ್ಪಿಸಿದ ತೆರಿಗೆಯು ಯಾರದೋ ಶಾಲೆಯ ಗೋಡೆ, ಯಾರದೋ ಆಸ್ಪತ್ರೆಯ ಔಷಧಿ. ಆ ಅರ್ಥದಲ್ಲಿ ನಾವೆಲ್ಲರೂ ಉಂಡ ಮನೆ ಈ ನಾಡು. ಅದರ ಜಂತೆಯನ್ನು ಕಿತ್ತೊಯ್ಯುವವನನ್ನು ತೋರಿಸುವುದು ದ್ರೋಹವಾಗದು.

ಹಾಗಾದರೆ ಚಾಡಿಗೂ ಸತ್ಯಕ್ಕೂ ಭೇದವೇನು? ನಮ್ಮ ಪರಂಪರೆಯೇ ಇದಕ್ಕೆ ಉತ್ತರ ಹೇಳುತ್ತದೆ. ಬಿಜ್ಜಳನ ಭಂಡಾರದ ಹೊಣೆ ಹೊತ್ತಿದ್ದ ಬಸವಣ್ಣನವರ ಮೇಲೆ, ರಾಜಧನವನ್ನು ಜಂಗಮರಿಗೆ ಸುರಿಯುತ್ತಿದ್ದಾರೆಂದು ಆಗದವರು ದೂರು ಒಯ್ದರೆಂಬುದು ಪುರಾಣಪ್ರಸಿದ್ಧ ಕಥೆ. ಆಗ ಲೆಕ್ಕ ತೆಗೆಸಿ ನೋಡಲಾಗಿ ಭಂಡಾರದಲ್ಲಿ ಕೊರತೆಯೇ ಕಾಣಲಿಲ್ಲ. ದೂರಿಗೆ ಬಸವಣ್ಣನವರು ಕೊಟ್ಟ ಉತ್ತರವು ಕೋಪವಲ್ಲ, ಲೆಕ್ಕ. ಶುದ್ಧನಾದವನು ಲೆಕ್ಕ ನೋಡಲು ಬಂದವರಿಗೆ ಬಾಗಿಲು ತೆರೆಯುತ್ತಾನೆ. ಚಾಡಿಯು ಕಿವಿಯಿಂದ ಕಿವಿಗೆ ಹೋಗುತ್ತದೆ. ಸತ್ಯವು ಪುರಾವೆಯೊಡನೆ ಅಧಿಕಾರಿಯ ಮೇಜಿಗೆ ಹೋಗುತ್ತದೆ. ಇವೆರಡಕ್ಕೂ ಇರುವ ಅಂತರವನ್ನು ಬಹುಮಾನದ ಹಣ ಹೆಚ್ಚಿಸುವುದೂ ಇಲ್ಲ, ಕಡಿಮೆ ಮಾಡುವುದೂ ಇಲ್ಲ.

ಬಹುಮಾನವನ್ನೇ ಒಲ್ಲೆನೆಂದ ಮಹಾತ್ಮರು ನಮ್ಮ ಸೀಮೆಯಲ್ಲಿ ಇದ್ದರು. ಟಿಕೋಟಾ ತಾಲೂಕಿನ ಬಿಜ್ಜರಗಿಯಲ್ಲಿ ಜನಿಸಿ ವಿಜಯಪುರದ ಜ್ಞಾನಯೋಗಾಶ್ರಮದಲ್ಲಿ ನೆಲೆಸಿದ್ದ ಪೂಜ್ಯ ಶ್ರೀ ಸಿದ್ಧೇಶ್ವರ ಸ್ವಾಮಿಗಳು, 2018ರಲ್ಲಿ ಸರಕಾರವು ಪದ್ಮಶ್ರೀ ಪ್ರಕಟಿಸಿದಾಗ ವಿನಯದಿಂದ ಅದನ್ನು ಮರಳಿಸಿದರು. ಅವರ ಅಂಗಿಗೆ ಕಿಸೆಯೇ ಇರಲಿಲ್ಲವೆಂಬುದನ್ನು ಬಲ್ಲವರೆಲ್ಲ ಬಲ್ಲರು. ಅದು ಸಂನ್ಯಾಸಿಯ ಎತ್ತರ. ಆ ನಿಯಮವನ್ನು ಸಂಬಳದಿಂದ ಸಂಸಾರ ತೂಗಿಸುವ ಗುಮಾಸ್ತನ ಮೇಲೆ ಹೇರುವುದು ನ್ಯಾಯವಲ್ಲ. ನಿಜ ಹೇಳಿದ ಮರುದಿನ ಅವನ ನೌಕರಿ ಹೋಗಬಹುದು. ಪೇಟೆಯ ಬೇರೆ ಅಂಗಡಿಗಳವರೂ ಅವನನ್ನು ಸೇರಿಸಿಕೊಳ್ಳದಿರಬಹುದು. ಸರಕಾರ ಕೊಡುವ ಹಣವು ಸತ್ಯದ ಬೆಲೆಯಲ್ಲ. ಸತ್ಯ ಹೇಳಿದವನು ತೆರುವ ನಷ್ಟಕ್ಕೆ ಒಂದಿಷ್ಟು ಪರಿಹಾರ. ಹಾಗೆಂದು ತಿಳಿದು ತೆಗೆದುಕೊಂಡರೆ ಅದರಲ್ಲಿ ದೋಷವಿಲ್ಲವೆಂದು ನಮ್ಮ ಅಭಿಪ್ರಾಯ.

ಆ ನಷ್ಟವಾದರೂ ಎಷ್ಟು ದೊಡ್ಡದಿರಬಹುದೆಂಬುದಕ್ಕೆ ನಮ್ಮ ನಾಡಿನ ಇಬ್ಬರನ್ನು ನೆನೆಯಬೇಕು. ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಬೆಳೆದ, ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿದ ಮಂಜುನಾಥ ಷಣ್ಮುಗಂ ಎಂಬ ತರುಣರು ಇಂಡಿಯನ್ ಆಯಿಲ್ ಸಂಸ್ಥೆಯ ಅಧಿಕಾರಿಯಾಗಿ ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿದ್ದರು. ಕಲಬೆರಕೆ ಮಾಡುತ್ತಿದ್ದ ಪೆಟ್ರೋಲ್ ಬಂಕಿಗೆ ಬೀಗಮುದ್ರೆ ಹಾಕಿಸಿದ ಅವರನ್ನು 2005ರ ನವೆಂಬರ್ 19ರಂದು ಗುಂಡಿಕ್ಕಿ ಕೊಂದರು. ಆಗ ಅವರಿಗೆ 27 ವರ್ಷ. ಸಹಕಾರ ಇಲಾಖೆಯ ಲೆಕ್ಕಪರಿಶೋಧನೆ ವಿಭಾಗದ ಉಪನಿರ್ದೇಶಕರಾಗಿ ಗೃಹನಿರ್ಮಾಣ ಸಹಕಾರ ಸಂಘಗಳ ಅಕ್ರಮಗಳನ್ನು ಬೆಳಕಿಗೆ ತಂದಿದ್ದ ಎಸ್. ಪಿ. ಮಹಾಂತೇಶ ಅವರು 2012ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಹಲ್ಲೆಗೊಳಗಾಗಿ ಕೆಲವೇ ದಿನಗಳಲ್ಲಿ ತೀರಿಕೊಂಡರು. ಇವರಾರೂ ಬಹುಮಾನಕ್ಕಾಗಿ ಕೆಲಸ ಮಾಡಿದವರಲ್ಲ. ಇಂಥವರ ರಕ್ಷಣೆಗೆಂದೇ ಸಂಸತ್ತು ಮಾಡಿದ ಕಾಯಿದೆಗೆ 2014ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿದ್ದರೂ, ಅದು ಜಾರಿಗೆ ಬರುವ ದಿನವನ್ನು ಗೊತ್ತುಮಾಡದೆ ವರ್ಷಾನುವರ್ಷ ಕಳೆದವು. ಬಹುಮಾನದ ಚೀಲ ಬೇಗ ತೆರೆಯಿತು, ರಕ್ಷಣೆಯ ಕೊಡೆ ಬಿಚ್ಚಲಿಲ್ಲ.

ಇಲ್ಲಿಯೇ ನಮ್ಮ ಸಮಾಜದ ಹೊಣೆ ಬರುತ್ತದೆ. ಸರಕಾರದ ಬೊಕ್ಕಸಕ್ಕೆ ಬಿದ್ದ ಕನ್ನವನ್ನು ತೋರಿಸಿದರೆ ಶೇಕಡಾ ಐದೋ ಹತ್ತೋ ದೊರೆಯಬಹುದು. ಆದರೆ ವಿಧವೆಯ ಠೇವಣಿ ಇರುವ ಸೊಸೈಟಿಯಲ್ಲಿ, ಜಾತ್ರೆಯ ಪಟ್ಟಿ ಎತ್ತುವ ಕಮಿಟಿಯಲ್ಲಿ, ಮಠದ ಹೆಸರಿನ ವಿದ್ಯಾಸಂಸ್ಥೆಯಲ್ಲಿ ಹಣ ಸೋರಿದರೆ, ಅದನ್ನು ಹೇಳುವ ಗುಮಾಸ್ತನಿಗೆ ಈ ಯೋಜನೆಗಳಲ್ಲಿ ಬಹುಮಾನವಿಲ್ಲ. ಅಲ್ಲಿ ಅವನ ಬಾಯಿ ಮುಚ್ಚಿಸುವ ಮಾತು ಒಂದೇ: "ಅವರು ನಮ್ಮವರು, ಸಮಾಜದ ಮಾನ ಹೋಗತೈತಿ." ವಚನಪಿತಾಮಹ ಫ. ಗು. ಹಳಕಟ್ಟಿಯವರು 1912ರಲ್ಲಿ ವಿಜಯಪುರದಲ್ಲಿ ಶ್ರೀ ಸಿದ್ಧೇಶ್ವರ ಬ್ಯಾಂಕನ್ನು ಕಟ್ಟಿದರು. ವಚನಗಳ ಪ್ರಕಟಣೆಗಾಗಿ ತಮ್ಮ ಮನೆಯನ್ನೇ ಮಾರಿದರು. ಸಮಾಜದ ಮಾನವು ಅಂಥವರ ಶುದ್ಧ ಹಸ್ತದಿಂದ ಬಂದದ್ದು; ಕಳ್ಳತನವನ್ನು ಮುಚ್ಚಿಡುವುದರಿಂದ ಉಳಿಯುವಂಥದಲ್ಲ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಹೆಚ್ಚಿಗೆ ಆಯ್ದು ತಂದ ಅಕ್ಕಿಯನ್ನು ಮರಳಿ ಚೆಲ್ಲಿಬರುವಂತೆ ಹೇಳಿದವರು ಹೊರಗಿನವರಲ್ಲ, ಅವರ ಧರ್ಮಪತ್ನಿ ಲಕ್ಕಮ್ಮನವರೇ. ಆಕೆಗಿಂತ ಹತ್ತಿರದ "ನಮ್ಮವರು" ಮಾರಯ್ಯನವರಿಗೆ ಬೇರೆ ಯಾರಿದ್ದರು?

ಆ ತಾಯಿಗೆ ನಮ್ಮ ಉತ್ತರವಿದು. ತಾಯೀ, ನಿಮ್ಮ ಮಗನು ಮೊದಲು ತಾನು ಕಣ್ಣಾರೆ ಕಂಡದ್ದು ಯಾವುದು, ಕೇಳಿದ್ದು ಯಾವುದು ಎಂದು ಬೇರ್ಪಡಿಸಿಕೊಳ್ಳಲಿ. ಕಂಡದ್ದಕ್ಕೆ ಆಧಾರವಿಲ್ಲದಿದ್ದರೆ ಸುಮ್ಮನಿರಲಿ. ಇದ್ದರೆ ಚಹಾದಂಗಡಿಯಲ್ಲಿ ಆಡದೆ, ನಂಬಿಕೆಯ ವಕೀಲರೊಬ್ಬರನ್ನು ಕೇಳಿ, ಆದಾಯ ತೆರಿಗೆ ಇಲಾಖೆಯ ಬೇನಾಮಿ ಶಾಖೆಗೆ ನೇರವಾಗಿ ಬರೆಯಲಿ. "ಇಷ್ಟು ಕೊಡು, ಇಲ್ಲವಾದರೆ ಹೇಳಿಬಿಡುವೆ" ಎಂದು ಧಣಿಯ ಮುಂದೆ ಎಂದೂ ನಿಲ್ಲದಿರಲಿ. ಆ ಗಳಿಗೆಯಲ್ಲಿ ಅವನೂ ಅಪರಾಧಿಯಾಗುತ್ತಾನೆ. ಸುಳ್ಳು ಲೆಕ್ಕ ಬರೆಯೆಂದರೆ ಲೇಖನಿ ಕೆಳಗಿಡಲಿ. ಆ ಚಾಲಕನು ಬಡವನೆಂಬುದನ್ನೂ ಮರೆಯದೆ ಬರೆಯಲಿ. ಬಹುಮಾನ ಬಂದರೆ ಬರಲಿ, ಬಾರದಿದ್ದರೂ ಸರಿ ಎಂಬ ಮನಸ್ಸಿದ್ದರೆ ಮಾತ್ರ ಮುಂದುವರಿಯಲಿ. ಹಣವನ್ನೇ ನೆಚ್ಚಿ ಹೊರಟವನು ದಾರಿಯ ನಡುವೆಯೇ ದಣಿಯುತ್ತಾನೆ.

ಉಳಿದ ಸದ್ಭಕ್ತರಲ್ಲಿ ನಮ್ಮದೊಂದು ವಿಜ್ಞಾಪನೆ. ನಿಮ್ಮ ಸೊಸೈಟಿಯ ವಾರ್ಷಿಕ ಸಭೆಗೆ ಹೋದಾಗ ಊಟದ ಪಂಕ್ತಿಗೆ ಮಾತ್ರ ಕುಳ್ಳಿರದೆ ಜಮಾಖರ್ಚಿನ ಪತ್ರಿಕೆಯನ್ನೂ ಕೈಯಲ್ಲಿ ಹಿಡಿಯಿರಿ. ಅಲ್ಲಿ ಒಬ್ಬನು ಎದ್ದುನಿಂತು ಲೆಕ್ಕ ಕೇಳಿದರೆ ಅವನನ್ನು ಒಂಟಿಯಾಗಿ ಬಿಡಬೇಡಿರಿ; ಅವನ ಪಕ್ಕದಲ್ಲಿ ನೀವೂ ಎದ್ದುನಿಲ್ಲಿರಿ. ಅವನ ಮಗಳಿಗೆ ಸಂಬಂಧ ನೋಡುವಾಗ, ಅವನ ಮಗನಿಗೆ ಕೆಲಸ ಕೊಡುವಾಗ ಆ ದಿನದ ಮಾತನ್ನು ಅವನ ಗುಣವೆಂದು ಎಣಿಸಿರಿ. ಯಾವ ಸರಕಾರವೂ ಕೊಡಲಾರದ ಬಹುಮಾನ ಇದು. ಇದನ್ನು ಕೊಡಲು ನಮ್ಮ ಮನೆಗಳಿಂದ ಮಾತ್ರ ಸಾಧ್ಯ.