ಮೇಲಿನ ಹಣ್ಣು, ಕೆಳಗಿನ ಹಣ್ಣು

ನೆಂಟರ ಮದುವೆಯಲ್ಲಿ ಯಾರಾದರೂ "ಮಗ ಏನ್ ಮಾಡ್ತಾನೆ?" ಅಂತ ಕೇಳಿದರೆ ನಮ್ಮಮ್ಮ ಈಗಲೂ "ಇಂಪೋರ್ಟ್ ಬಿಸಿನೆಸ್" ಅಂತಾರೆ. ಎಲ್ಲಿಂದ ಅಂದರೆ "ಇಟಲಿಯಿಂದ". ಏನನ್ನ ಅಂತ ಕೇಳುವಷ್ಟರಲ್ಲಿ ಅಮ್ಮ ಊಟದ ಪಂಕ್ತಿ ಕಡೆ ಹೊರಟಿರುತ್ತಾರೆ. ನಾನು ತರಿಸೋದು ವೈನ್. ನಂಗಲಿಯಲ್ಲಿ ಅದಕ್ಕೆ ಎಷ್ಟು ಚೆಂದದ ಹೆಸರಿಟ್ಟರೂ ಅದು ಹೆಂಡದ ವ್ಯಾಪಾರವೇ.

ಕೆಲಸ ಬಿಟ್ಟು ಸ್ವಂತದ್ದು ಏನಾದರೂ ಮಾಡಬೇಕು ಅಂತ ಯೋಚಿಸುತ್ತಿರುವ ಇಬ್ಬರು ಗೆಳೆಯರು ಕಳೆದ ತಿಂಗಳು ಒಂದೇ ಪ್ರಶ್ನೆ ಕೇಳಿದರು: "ಈ ವೈನ್ ಬಿಸಿನೆಸ್‌ನಲ್ಲಿ ಲಾಭ ಇದೆಯಾ?" ಇದೆ ಅಥವಾ ಇಲ್ಲ ಅಂತ ಹೇಳುವ ಬದಲು ನನ್ನ ಮೊದಲ ಸರಕಿನ ಕಥೆ ಹೇಳಿದೆ. ಅದನ್ನೇ ಇಲ್ಲೂ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. ಇಟಲಿಯ ಟಸ್ಕನಿಯ ಒಂದು ಸಾಧಾರಣ ಕಿಯಾಂಟಿ, ಹಡಗಿನ ಬಾಡಿಗೆ, ವಿಮೆ ಎಲ್ಲ ಸೇರಿ ಬಂದರಿಗೆ ಬರುವಾಗ ನನಗೆ ಬಾಟಲಿಗೆ 400 ರೂಪಾಯಿ ಬಿದ್ದಿತ್ತು. ವೈನ್ ಮೇಲಿನ ಆಮದು ಸುಂಕ 150 ಪರ್ಸೆಂಟ್. ಅಂದರೆ 400ರ ಮೇಲೆ 600. ಅಲ್ಲಿಗೆ ಸಾವಿರ. 2021ರ ಬಜೆಟ್‌ನಿಂದ ಈ 150 ಎರಡು ಹೆಸರಲ್ಲಿದೆ: 50 ಮೂಲ ಸುಂಕ, 100 ಕೃಷಿ ಮೂಲಸೌಕರ್ಯ ಸೆಸ್. ಇದನ್ನ ಅಪ್ಪನಿಗೆ ಹೇಳಿದಾಗ, ಮೂವತ್ತು ವರ್ಷದಿಂದ ಟೊಮೆಟೊ ಬೆಳೆಯುತ್ತಿರುವ ಅವರು ತುಂಬ ಹೊತ್ತು ನಕ್ಕರು. "ಹಂಗಾದ್ರೆ ನೀನು ನನಗೇ ಕಟ್ತಾ ಇದೀಯ ಅನ್ನು" ಅಂದರು.

ಕಥೆ ಅಲ್ಲಿಗೆ ಮುಗಿಯಲ್ಲ. ಮದ್ಯ ಜಿಎಸ್‌ಟಿ ಒಳಗೆ ಬರುವುದಿಲ್ಲ, ರಾಜ್ಯದ ಅಬಕಾರಿ ಬೇರೆ. ಕರ್ನಾಟಕದಲ್ಲಿ ಸಗಟು ವ್ಯವಹಾರ 2003ರಲ್ಲಿ ಶುರುವಾದ ರಾಜ್ಯ ಪಾನೀಯ ನಿಗಮದ ಮೂಲಕ ಹೋಗಬೇಕು. ಪ್ರತಿ ಲೇಬಲ್‌ಗೂ ಅನುಮತಿ ಬೇಕು, ಅಬಕಾರಿ ವರ್ಷ ಜುಲೈ 1ಕ್ಕೆ ಶುರುವಾಗುವಾಗ ಅದನ್ನ ನವೀಕರಿಸಬೇಕು. ಅದಾದ ಮೇಲೆ ಸಿಎಲ್-2 ಅಂಗಡಿ, ಸಿಎಲ್-9 ಬಾರ್ ಅಂಡ್ ರೆಸ್ಟೋರೆಂಟ್. ನನ್ನ 400 ರೂಪಾಯಿಯ ಬಾಟಲಿ ಬೆಂಗಳೂರಿನ ಮೆನು ಕಾರ್ಡ್ ಹತ್ತುವಾಗ 3,000 ದಾಟಿತ್ತು. ಅದರಲ್ಲಿ ನನ್ನ ಪಾಲು ಎಷ್ಟು ಅಂತ ಕೇಳಬೇಡಿ, ಅಮ್ಮನೂ ಓದುತ್ತಾರೆ.

ಇಷ್ಟು ತೆರಿಗೆ ಇರುವಾಗ ಸಣ್ಣ ವ್ಯಾಪಾರಿ ಎಲ್ಲಿ ದುಡ್ಡು ಉಳಿಸುತ್ತಾನೆ? ಸುಂಕದಲ್ಲಿ ಉಳಿಸಲಾಗದು. ಉಳಿದಿರೋದು ಸಾಗಣೆ. ನಾನು ಅಲ್ಲೇ ಉಳಿಸಲು ಹೋದೆ.

ಇಪ್ಪತ್ತು ಅಡಿಯ ಒಂದು ಕಂಟೇನರ್‌ನಲ್ಲಿ ಹತ್ತು ಸಾವಿರ ಬಾಟಲಿ ಹಿಡಿಯುತ್ತದೆ. ನಾನು ತರಿಸಿದ್ದು 600. ಹಾಗಾಗಿ ಬೇರೆಯವರ ಸರಕಿನ ಜೊತೆ ಜಾಗ ಹಂಚಿಕೊಂಡೆ. ತಣ್ಣಗೆ ಇಡುವ ರೀಫರ್ ಕಂಟೇನರ್‌ಗೆ ದುಡ್ಡು ಜಾಸ್ತಿ ಅಂತ ಮಾಮೂಲಿಯದ್ದೇ ಸಾಕು ಅಂದೆ. ಹಡಗು ಚೆನ್ನೈಗೆ ಬಂದಿದ್ದು ಮೇ ತಿಂಗಳಲ್ಲಿ. ಬಾಟಲಿಯ ಹಿಂಬದಿಯ ಸ್ಟಿಕ್ಕರ್‌ನಲ್ಲಿ ಇರಬೇಕಾದ ಒಂದು ಸಾಲನ್ನು ನಾನೇ ಬಿಟ್ಟಿದ್ದೆ. ಅದನ್ನು ಸರಿ ಮಾಡಿಸುವಷ್ಟರಲ್ಲಿ ಹನ್ನೊಂದು ದಿನ ಆಯಿತು. ಅಷ್ಟೂ ದಿನ ನನ್ನ ಕಿಯಾಂಟಿ ಚೆನ್ನೈನ ಯಾರ್ಡ್‌ನಲ್ಲಿ ಬಿಸಿಲು ಕಾಯಿಸಿತು.

ಚೆನ್ನೈನಿಂದ ಬೆಂಗಳೂರಿಗೆ ಕೆಲವು ಲಾರಿ ಕೃಷ್ಣಗಿರಿ, ಹೊಸೂರು ಕಡೆಯಿಂದ ಬರುತ್ತವೆ, ಕೆಲವು ಚಿತ್ತೂರು, ಪಲಮನೇರು ದಾಟಿ ನಂಗಲಿ, ಮುಳಬಾಗಿಲು, ಕೋಲಾರದ ಮೇಲೆ. ನಂಗಲಿ ಗಡಿ ಅನ್ನೋದು ಹೊಸದೇನಲ್ಲ. ಹೊಯ್ಸಳ ವಿಷ್ಣುವರ್ಧನನ ಶಾಸನಗಳು ಅವನ ರಾಜ್ಯದ ಮೂಡಣ ಎಲ್ಲೆ ಅಂತ ಹೇಳುವುದು ನಮ್ಮ ನಂಗಲಿಯನ್ನೇ. ನಾವು ಚಿಕ್ಕವರಿದ್ದಾಗ ಚೆಕ್‌ಪೋಸ್ಟ್‌ನಲ್ಲಿ ನಿಂತ ಲಾರಿಗಳ ಸಾಲು ನೋಡಿ ಒಳಗೆ ಏನಿರಬಹುದು ಅಂತ ಪಂದ್ಯ ಕಟ್ಟುತ್ತಿದ್ದೆವು. ಈ ಸಲ ಒಂದು ಲಾರಿಯ ಒಳಗೆ ಏನಿದೆ ಅಂತ ನನಗೆ ಗೊತ್ತಿತ್ತು.

ಡ್ರೈವರ್ ಊಟಕ್ಕೆ ನಂಗಲಿಯಲ್ಲಿ ನಿಲ್ಲಿಸುತ್ತೇನೆ ಅಂದಾಗ ಅಪ್ಪನಿಗೆ ಫೋನ್ ಮಾಡಿದೆ. ಮಗನ ಮೊದಲ ಸರಕು, ನೋಡಲಿ ಅಂತ. ಅಪ್ಪ ಟಿವಿಎಸ್ ಹತ್ತಿಕೊಂಡು ಹೋದರು. ಸೀಲ್ ಹಾಕಿದ ಲಾರಿ, ತೆಗೆದು ನೋಡುವ ಹಾಗಿಲ್ಲ. ಅವರು ಬಾಗಿಲ ಮೇಲೆ ಕೈ ಇಟ್ಟು ನೋಡಿ ನನಗೆ ಫೋನ್ ಮಾಡಿದರು: "ಏನಪ್ಪಾ, ಕಾವಲಿ ಇದ್ದಂಗೆ ಕಾದಿದೆ. ಒಳಗಡೆ ಇರೋದು ಹಣ್ಣಿನ ರಸ ತಾನೇ?"

ನನಗೆ ಆಗಲೇ ಎದೆ ಧಸಕ್ ಅಂದಿತ್ತು.

ಬೆಂಗಳೂರಿನಲ್ಲಿ ಸರಕು ಕಸ್ಟಮ್ಸ್‌ನ ಬಾಂಡೆಡ್ ಗೋದಾಮಿಗೆ ಹೋಯಿತು. ಸಣ್ಣ ವ್ಯಾಪಾರಿಗೆ ಇದು ದೊಡ್ಡ ಅನುಕೂಲ. ಸುಂಕ ಪೂರ್ತಿ ಒಂದೇ ಸಲ ಕಟ್ಟಬೇಕಿಲ್ಲ, ಬೇಕಾದಷ್ಟು ಬಾಟಲಿಗೆ ಕಟ್ಟಿ ಬಿಡಿಸಿಕೊಳ್ಳುತ್ತಾ ಹೋಗಬಹುದು. ಒಳಗೆ ಹೋಗಿ ಸರಕು ನೋಡಲೂಬಹುದು. ಹೋಗಿ ನೋಡಿದೆ. ಕೆಲವು ಬಾಟಲಿಗಳ ಕಾರ್ಕ್ ಮೇಲಕ್ಕೆ ಉಬ್ಬಿತ್ತು. ಕುತ್ತಿಗೆಯ ಹಾಳೆ ಅಂಟಂಟು. ಶಾಖಕ್ಕೆ ವೈನ್ ಹಿಗ್ಗಿ ಕಾರ್ಕನ್ನು ತಳ್ಳಿ ಸೋರಿದರೆ ಹೀಗಾಗುತ್ತದೆ. ಆದರೆ ತುಂಬಾ ಬಾಟಲಿಗಳು ಹೊರಗಿನಿಂದ ಚೆನ್ನಾಗೇ ಕಾಣುತ್ತಿದ್ದವು.

ಹನ್ನೆರಡು ಬಾಟಲಿಗೆ ಸುಂಕ ಕಟ್ಟಿ ಬಿಡಿಸಿಕೊಂಡೆ. ಚೆನ್ನಾಗಿ ಕಾಣುವ ಮೂರನ್ನು ತೆರೆದೆ. ಕಿಯಾಂಟಿ ಮಾಡುವುದು ಮುಖ್ಯವಾಗಿ ಸಾಂಜೊವೇಸೆ ದ್ರಾಕ್ಷಿಯಿಂದ. ಅದರ ಜೀವ ಇರುವುದು ಹುಳಿಯಲ್ಲಿ. ಟೊಮೆಟೊ ಹಾಕಿದ ಅಡುಗೆಯ ಜೊತೆ ಅದು ಹೊಂದುವುದೂ ಆ ಹುಳಿಯಿಂದಲೇ. ನಾನು ಕೋಲಾರ ಜಿಲ್ಲೆಯವನಾಗಿ ಇದನ್ನೇ ಮೊದಲು ತರಿಸಿದ್ದಕ್ಕೆ ಕಾರಣವೂ ಅದೇ. ಆದರೆ ಲೋಟದಲ್ಲಿ ಇದ್ದದ್ದು ಬೇಯಿಸಿದ ಹಣ್ಣಿನ ವಾಸನೆ, ಮಂಕಾದ ರುಚಿ. ಕುಡಿದರೆ ಯಾರಿಗೂ ಏನೂ ಆಗುವುದಿಲ್ಲ. ಆದರೆ ಅದು ಕಿಯಾಂಟಿ ಅಲ್ಲ.

ನನ್ನ ಮೊದಲ ಗಿರಾಕಿ ಇಂದಿರಾನಗರದ ಒಂದು ರೆಸ್ಟೋರೆಂಟ್. ವಿಷಯ ಹೇಳಿದೆ. ಖರೀದಿ ನೋಡಿಕೊಳ್ಳುವವರು ತಣ್ಣಗೆ ಹೇಳಿದರು: "ಕಳಿಸಿ ಸಾರ್. ನಮ್ಮಲ್ಲಿ ಬರೋರಲ್ಲಿ ಎಷ್ಟು ಜನಕ್ಕೆ ವ್ಯತ್ಯಾಸ ಗೊತ್ತಾಗುತ್ತೆ? ಸ್ವಲ್ಪ ರೇಟ್ ಕಡಿಮೆ ಮಾಡಿ." ಅವರು ಹೇಳಿದ್ದು ನಿಜವೇ. ಇಟಲಿ ವೈನ್ ಮೊದಲ ಸಲ ಕುಡಿಯುವವನಿಗೆ ಹೋಲಿಸಲು ಇನ್ನೊಂದು ಗೊತ್ತಿರುವುದಿಲ್ಲ. ಇದೇ ಇಟಲಿಯ ರುಚಿ ಅಂದುಕೊಳ್ಳುತ್ತಾನೆ.

ಗೋದಾಮಿನಲ್ಲಿ ಇನ್ನೂ 588 ಬಾಟಲಿ. ನನ್ನ 2,35,200 ರೂಪಾಯಿ ಅದರಲ್ಲಿ ಕೂತಿತ್ತು, ಅದರಲ್ಲಿ ಅರ್ಧ ಅಕ್ಕ ಕೊಟ್ಟ ಸಾಲ. ರಾತ್ರಿ ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಸಲಹೆ ಕೇಳಲಿಲ್ಲ, ಸುಮ್ಮನೆ ಹೇಳಿಕೊಂಡೆ. ಅಪ್ಪ ವಡ್ಡಹಳ್ಳಿ ಮಾರ್ಕೆಟ್ಟಿನ ಮಾತು ತೆಗೆದರು. 2023ರ ಜುಲೈನಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿದಾಗ ಮೇಲೆ ಕೆಂಪಗೆ ಹೊಳೆಯೋ ಹಣ್ಣು, ಕೆಳಗೆ ಮೆತ್ತಗಾದದ್ದು ಹಾಕಿ ಮಾರಿದವರೂ ಇದ್ದರು. "ಆವತ್ತು ಅವರಿಗೂ ದುಡ್ಡು ಬಂತು. ಆಮೇಲೆ ರೇಟ್ ಬಿದ್ದಾಗ ಅವರ ಬಾಕ್ಸ್ ಮಗುಚಿ ನೋಡದೆ ಯಾರೂ ಕೂಗಲಿಲ್ಲ. ನಮ್ಮದನ್ನ ಹಂಗೇ ಕೂಗಿದ್ರು" ಅಂದರು. ಆಮೇಲೆ, "ನಿನ್ನ ಬಾಟಲಿ ಮಗುಚಿ ನೋಡಕ್ಕೆ ಆಗಲ್ಲ, ಅಲ್ವಾ?" ಅಂತ ಕೇಳಿದರು.

ಅಲ್ಲವೇ. ಮುಚ್ಚಿದ ಬಾಟಲಿಯಲ್ಲಿ ಗಿರಾಕಿ ಕೊಳ್ಳುವುದು ತಂದವನ ಮಾತನ್ನೇ.

ಕಸ್ಟಮ್ಸ್ ಕಾಯ್ದೆಯಲ್ಲಿ ಒಂದು ದಾರಿ ಇದೆ. 1962ರ ಆ ಕಾಯ್ದೆಯ 68ನೇ ಸೆಕ್ಷನ್ ಪ್ರಕಾರ, ಬಾಂಡ್‌ನಲ್ಲಿರುವ ಸರಕನ್ನು ಬಿಡಿಸಿಕೊಳ್ಳುವ ಆದೇಶ ಆಗುವ ಮುಂಚೆ ಅದರ ಮೇಲಿನ ಹಕ್ಕನ್ನು ಬಿಟ್ಟುಕೊಟ್ಟರೆ ಸುಂಕ ಕಟ್ಟಬೇಕಿಲ್ಲ. ಗೋದಾಮಿನ ಬಾಡಿಗೆ ಮುಂತಾದ ಖರ್ಚು ಮಾತ್ರ ಕೊಡಬೇಕು. 588 ಬಾಟಲಿಯನ್ನೂ ಬಿಟ್ಟುಕೊಟ್ಟೆ. ಸಹಿ ಹಾಕುವಾಗ ಕೈ ನಡುಗಿತು ಅಂತ ಹೇಳಲು ನಾಚಿಕೆ ಇಲ್ಲ. ಕೊಂಡ ದುಡ್ಡು ಹೋಯಿತು. ಆದರೆ ಅದರ ಮೇಲೆ ಕಟ್ಟಬೇಕಿದ್ದ 3,52,800 ಉಳಿಯಿತು. ನೋಡದೆ ಎಲ್ಲಕ್ಕೂ ಸುಂಕ ಕಟ್ಟಿ ಬಿಡಿಸಿಕೊಂಡಿದ್ದರೆ ಅದೂ ಹೋಗುತ್ತಿತ್ತು, ಆಗ ಬಹುಶಃ ರೆಸ್ಟೋರೆಂಟ್‌ನವರ ಮಾತಿಗೆ ನಾನು ಹೂಂ ಅನ್ನುತ್ತಿದ್ದೆ. ಒಳ್ಳೆಯವನಾಗಿ ಉಳಿಯಲು ನನಗೆ ಅವಕಾಶ ಕೊಟ್ಟಿದ್ದು ಆ ಸೆಕ್ಷನ್ ಕೂಡ. ಇದನ್ನು ಮುಚ್ಚಿಟ್ಟು ನನ್ನ ಪ್ರಾಮಾಣಿಕತೆಯ ಕಥೆ ಹೇಳಿದರೆ ಅದೂ ಮೇಲೆ ಹೊಳೆಯೋ ಹಣ್ಣು ಜೋಡಿಸಿದ ಹಾಗೆಯೇ.

ಅಕ್ಕನ ಸಾಲ ತೀರಿಸಲು ಮತ್ತೆ ಒಂದೂವರೆ ವರ್ಷ ಕೆಲಸಕ್ಕೆ ಹೋದೆ. ಎರಡನೇ ಸರಕು ಬಂದದ್ದು ಡಿಸೆಂಬರ್‌ನಲ್ಲಿ, ರೀಫರ್‌ನಲ್ಲಿ. ಪೆಟ್ಟಿಗೆಗಳ ಮಧ್ಯೆ ಉಷ್ಣತೆ ದಾಖಲಿಸುವ ಒಂದು ಸಣ್ಣ ಲಾಗರ್ ಇಡಿಸಿದ್ದೆ. ಬಾಟಲಿ ಮಗುಚಿ ನೋಡಲಾಗದ ಗಿರಾಕಿಗೆ ಅದರ ಗ್ರಾಫನ್ನೇ ಕಳಿಸುತ್ತೇನೆ. ಈಗ ನನ್ನ ವೈನ್ ತೆಗೆದುಕೊಳ್ಳುವ ಏಳು ಜಾಗಗಳಲ್ಲಿ ನಾಲ್ಕು ಆ ಗ್ರಾಫ್ ನೋಡಿಯೇ ಬಂದವು.

ಯುರೋಪ್ ಜೊತೆಗಿನ ವ್ಯಾಪಾರ ಒಪ್ಪಂದದ ಮಾತುಕತೆ 2026ರ ಜನವರಿಯಲ್ಲಿ ಮುಗಿದಿದೆ, ಜಾರಿಗೆ ಬಂದರೆ ವೈನ್ ಸುಂಕ ಹಂತಹಂತವಾಗಿ ಇಳಿಯಲಿದೆ. ಆಗ ತುಂಬ ಜನ ಈ ವ್ಯಾಪಾರಕ್ಕೆ ಬರುತ್ತಾರೆ. ನನ್ನ ಗೆಳೆಯರಿಗೂ ಇದನ್ನೇ ಹೇಳಿದೆ: ಸುಂಕ ಇಳಿಯಬಹುದು, ಮೇ ತಿಂಗಳ ಬಿಸಿಲು ಇಳಿಯುವುದಿಲ್ಲ. ಮೊದಲ ಸರಕು ಪೂರ್ತಿ ಹೋದರೂ ಮನೆ ನಡೆಯುವಷ್ಟು ದುಡ್ಡು ಇಟ್ಟುಕೊಂಡು ಶುರು ಮಾಡಿ. ಸಾಗಣೆಯಲ್ಲಿ ಉಳಿಸಬೇಡಿ. ಸುಂಕ ಕಟ್ಟುವ ಮುಂಚೆ ಹೋಗಿ ಸರಕು ನೋಡಿ.

ಸುಂಕ ಕಟ್ಟಿ ಬಿಡಿಸಿದ್ದ ಆ ಹನ್ನೆರಡರಲ್ಲಿ ಒಂದು ಬಾಟಲಿ ಊರಿನ ಮನೆಯ ಶೋಕೇಸ್‌ನಲ್ಲಿದೆ. ಅಪ್ಪ ಕುಡಿಯುವವರಲ್ಲ. ಕಾರ್ಕ್ ಉಬ್ಬಿದ್ದೇ ಬೇಕು ಅಂತ ಕೇಳಿ ಇಸಿದುಕೊಂಡರು. ಬಂದವರು ಏನದು ಅಂತ ಕೇಳಿದರೆ ಅಮ್ಮ "ಇಂಪೋರ್ಟೆಡ್ ವಿನಿಗರ್" ಅಂತಾರೆ. ಇಷ್ಟು ವರ್ಷಕ್ಕೆ ಅದು ನಿಜವೂ ಆಗಿರಬಹುದು.