ತಾಯಿಯ ಕಾಲೇಜು, ಮಗಳ ಪ್ರವೇಶ

ಮಗಳು ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾದೊಡನೆ ಥಾಣೆ, ಡೊಂಬಿವಲಿಗಳ ಎಷ್ಟೋ ಕನ್ನಡ ಮನೆಗಳಲ್ಲಿ ತಾಯಿಯ ಕಾಲೇಜಿನ ಮಾತು ಆರಂಭವಾಗುತ್ತದೆ. ತಾನು ಮಾಟುಂಗಾದ ರುಯಿಯಾದಲ್ಲಿ ಓದಿದ್ದರೆ ಮಗಳೂ ಅಲ್ಲಿಯೇ ಓದಬೇಕು. ತನಗೆ ದೊರೆತ ನಾಟಕ ತಂಡ, ಗೆಳತಿಯರ ಬಳಗ ಅವಳಿಗೂ ದೊರೆಯಬೇಕು. ಆಸೆ ಸಹಜವಾದುದೇ. ಆದರೆ 2009ರಿಂದ ಮುಂಬಯಿ ಪ್ರದೇಶದಲ್ಲಿ ಹನ್ನೊಂದನೆಯ ತರಗತಿಯ ಪ್ರವೇಶ ಆನ್‌ಲೈನ್ ಮೂಲಕ ನಡೆಯುತ್ತಿದೆ. ಸಾಮಾನ್ಯ ಅರ್ಹತಾ ಪಟ್ಟಿ ನೋಡುವುದು ಅಂಕಗಳನ್ನು. ತಾಯಿ ಎಲ್ಲಿ ಓದಿದಳೆಂಬುದನ್ನಲ್ಲ.

ಪಟ್ಟಿಯಲ್ಲಿ ಹೆಸರು ಕಾಣದ ಹುಡುಗಿ ಮನೆತನಕ್ಕೇ ಕುಂದು ತಂದವಳಂತೆ ತಲೆತಗ್ಗಿಸುತ್ತಾಳೆ. ಊಟ ಸೇರದು, ನಿದ್ರೆ ಬಾರದು, ತಲೆನೋವೆಂದು ಮಲಗುತ್ತಾಳೆ. (ನೆರೆಯವರು "ಯಾವ ಕಾಲೇಜು?" ಎಂದು ವಿಚಾರಿಸುವುದೂ ಆಗಲೇ!) ಇದನ್ನು ಸೋಮಾರಿತನವೆಂದು ಗದರುವುದು ಅನ್ಯಾಯ. ಎರಡು ವಾರ ಕಳೆದರೂ ಗೆಲುವಾಗದಿದ್ದರೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಬದುಕೇ ಬೇಡವೆಂಬ ಮಾತು ಬಾಯಿಂದ ಬಂದರೆ ಒಂದು ದಿನವೂ ಕಾಯಬಾರದು. ಕೇಂದ್ರ ಸರಕಾರ 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ದೂರವಾಣಿ 14416ರಲ್ಲಿ ಹಗಲಿರುಳೂ ಉಚಿತ ಸಲಹೆ ದೊರೆಯುತ್ತದೆ, ಕನ್ನಡದಲ್ಲಿಯೂ ಮಾತನಾಡಬಹುದು.

ಕಲ್ಯಾಣದಲ್ಲಿಯೇ 1972ರಿಂದ ಬಿರ್ಲಾ ಕಾಲೇಜು ಇದೆ. ಡೊಂಬಿವಲಿಯ ಹುಡುಗಿ ಅಲ್ಲಿಗೆ ಸೇರಿದರೆ, ಬೆಳಗಿನ ದಾದರ್ ಕಡೆಯ ಲೋಕಲಿನ ನೂಕುನುಗ್ಗಲಾದರೂ ತಪ್ಪುತ್ತದೆ.