ಸೀಟು ಆಮೇಲೆ, ದಾರಿ ಮೊದಲು

ಸ್ಯಾನ್‌ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಟಿಕೆಟ್ ಹುಡುಕುವವರ ಕಣ್ಣು ಮೊದಲು ದರದ ಮೇಲೆ, ಆಮೇಲೆ ಒಟ್ಟು ಗಂಟೆಗಳ ಮೇಲೆ ಬೀಳುತ್ತದೆ. ಟಿಕೆಟ್ ಕೊಂಡ ಮರುದಿನದಿಂದ ವಿಮಾನ ಕಂಪನಿಯ ಇಮೇಲ್‌ಗಳು ಶುರು. ಇಷ್ಟು ಕೊಟ್ಟರೆ ಕಾಲು ಚಾಚುವ ಸೀಟು, ಇನ್ನಷ್ಟು ಕೊಟ್ಟರೆ ಮಲಗುವ ಸೀಟು. ಎಲ್ಲಿ ಇಳಿದು ಎಲ್ಲಿ ಹತ್ತಬೇಕು, ನಡುವೆ ಎಷ್ಟು ಹೊತ್ತು ಸಿಗುತ್ತದೆ, ಆ ದೇಶದವರು ಭಾರತದ ಪಾಸ್‌ಪೋರ್ಟ್ ನೋಡಿ ಏನೆನ್ನುತ್ತಾರೆ ಎಂಬುದರ ಬಗ್ಗೆ ಮಾತ್ರ ಆ ಇಮೇಲ್‌ಗಳು ಚಕಾರ ಎತ್ತುವುದಿಲ್ಲ. ದೂರದ ಪ್ರಯಾಣ ಕೆಡುವುದು ಬಹುಪಾಲು ಅಲ್ಲೇ. ಕೈಯಲ್ಲಿ ಒಂದಿಷ್ಟು ಹೆಚ್ಚಿನ ಹಣವಿದ್ದರೆ ಅದು ಮೊದಲು ಒಳ್ಳೆಯ ಕನೆಕ್ಷನ್‌ಗೆ ಹೋಗಬೇಕು, ಉಳಿದದ್ದು ಸೀಟಿಗೆ ಎನ್ನುವುದು ನನ್ನ ವಾದ. ಆಗುತ್ತಿರುವುದು ಇದಕ್ಕೆ ತಿರುಗಾಮುರುಗಾ.

ನೇರ ವಿಮಾನವಿದ್ದರೆ ಈ ಚರ್ಚೆಯೇ ಬೇಡ ಎನ್ನಬಹುದು. 2021ರ ಜನವರಿಯಲ್ಲಿ ಏರ್ ಇಂಡಿಯಾದ ಬೋಯಿಂಗ್ 777 ಸ್ಯಾನ್‌ಫ್ರಾನ್ಸಿಸ್ಕೊದಿಂದ ಹೊರಟು, ಉತ್ತರ ಧ್ರುವ ದಾಟಿ ಬೆಂಗಳೂರಿಗೆ ಬಂದಿಳಿದಾಗ ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಮಹಿಳೆಯರು. ದೇಶವೇ ಹೆಮ್ಮೆಪಟ್ಟ ಹಾರಾಟ ಅದು. ಆದರೆ ಅದೇ ಹೊತ್ತಿನಲ್ಲಿ ಯುನೈಟೆಡ್ ಏರ್‌ಲೈನ್ಸ್ ಘೋಷಿಸಿದ್ದ ಸ್ಯಾನ್‌ಫ್ರಾನ್ಸಿಸ್ಕೊ–ಬೆಂಗಳೂರು ವಿಮಾನವಾಗಲಿ, ಅಮೆರಿಕನ್ ಏರ್‌ಲೈನ್ಸ್ ಘೋಷಿಸಿದ್ದ ಸಿಯಾಟಲ್–ಬೆಂಗಳೂರು ವಿಮಾನವಾಗಲಿ ನೆಲ ಬಿಟ್ಟು ಏಳಲೇ ಇಲ್ಲ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದ ಮೇಲೆ, ದೆಹಲಿ–ಉತ್ತರ ಅಮೆರಿಕದ ನಡುವಣ ಏರ್ ಇಂಡಿಯಾ ವಿಮಾನಗಳೂ ಇಂಧನಕ್ಕಾಗಿ ಯುರೋಪಿನಲ್ಲಿ ಇಳಿಯಬೇಕಾಯಿತು. ನೇರ ವಿಮಾನದ ಭಾಗ್ಯ ಎಲ್ಲ ಊರಿಗಿಲ್ಲ, ಎಲ್ಲ ಕಾಲಕ್ಕೂ ಇಲ್ಲ. ಹ್ಯೂಸ್ಟನ್, ಡಲ್ಲಾಸ್, ಫೀನಿಕ್ಸ್‌ನ ಕನ್ನಡಿಗರು ಎಲ್ಲಾದರೂ ಒಂದು ಕಡೆ ಇಳಿದೇ ಹತ್ತಬೇಕು.

ಎಲ್ಲಿ ಇಳಿಯಬೇಕು ಎಂಬುದಕ್ಕೆ ಬಹಳ ಮಂದಿಯಲ್ಲಿ ಸಿದ್ಧ ಉತ್ತರವಿದೆ: ದುಬೈ, ದೋಹಾ ಅಥವಾ ಫ್ರಾಂಕ್‌ಫರ್ಟ್. ನ್ಯೂಯಾರ್ಕ್, ನ್ಯೂಜೆರ್ಸಿಯವರಿಗೆ ಇದು ಸರಿಯಾದ ಉತ್ತರವೇ. ನ್ಯೂಯಾರ್ಕ್‌ನಿಂದ ಬೆಂಗಳೂರಿಗೆ ಭೂಗೋಳದ ಮೇಲೆ ಅತಿ ಹತ್ತಿರದ ಗೆರೆ ಎಳೆದರೆ ಸುಮಾರು 13,350 ಕಿಲೋಮೀಟರ್. ದುಬೈಯಲ್ಲಿ ಇಳಿದು ಹೋದರೂ 13,700ರ ಒಳಗೇ. ಸುತ್ತು ಎಂದರೆ ಬರೀ ಮುನ್ನೂರೈವತ್ತು ಕಿಲೋಮೀಟರ್. ಪಶ್ಚಿಮ ಕರಾವಳಿಗೆ ಬಂದರೆ ಲೆಕ್ಕ ತಲೆಕೆಳಗಾಗುತ್ತದೆ. ಸ್ಯಾನ್‌ಫ್ರಾನ್ಸಿಸ್ಕೊ–ಬೆಂಗಳೂರು ನೇರ ಗೆರೆ ಸುಮಾರು 14,000 ಕಿ.ಮೀ. ದುಬೈ ಮೂಲಕ ಅದು 15,700 ಆಗುತ್ತದೆ, ಫ್ರಾಂಕ್‌ಫರ್ಟ್ ಮೂಲಕ 16,500 ದಾಟುತ್ತದೆ. ಟೋಕಿಯೊದ ನರಿಟಾ ಮೂಲಕವಾದರೆ 15,000ಕ್ಕೂ ಕಡಿಮೆ, ಹಾಂಗ್‌ಕಾಂಗ್ ಮೂಲಕ 15,100ರ ಆಸುಪಾಸು. ಸ್ಯಾನ್‌ಫ್ರಾನ್ಸಿಸ್ಕೊ ಬೇ ಏರಿಯಾದವರಿಗೆ ಬೆಂಗಳೂರು ಪೂರ್ವಕ್ಕೂ ಪಶ್ಚಿಮಕ್ಕೂ ಹೆಚ್ಚುಕಡಿಮೆ ಅಷ್ಟೇ ದೂರ. ಆದರೂ ಅಭ್ಯಾಸಬಲದಿಂದ ಅಟ್ಲಾಂಟಿಕ್ ಕಡೆಗೇ ಮುಖ ಮಾಡುವವರು ಹೆಚ್ಚು. ಜಪಾನ್ ಏರ್‌ಲೈನ್ಸ್, ಕ್ಯಾಥೆ ಪೆಸಿಫಿಕ್, ಸಿಂಗಪುರ ಏರ್‌ಲೈನ್ಸ್ ಮೂರೂ ಬೆಂಗಳೂರಿಗೆ ಬರುತ್ತವೆ ಎಂಬುದು ಅವರ ಹುಡುಕಾಟದಲ್ಲಿ ಕೊನೆಯ ಪುಟದ ಸಂಗತಿ. ಪೆಸಿಫಿಕ್ ದಾರಿಗೂ ಒಂದು ಕುಂದಿದೆ ಅನ್ನಿ. ಅಮೆರಿಕದಿಂದ ಏಷ್ಯಾ ಕಡೆಗೆ ಹೋಗುವಾಗ ಎತ್ತರದ ಗಾಳಿ ಎದುರಿಗೇ ಬೀಸುತ್ತದೆ. ಹೋಗುವ ಹಾರಾಟ ಬರುವುದಕ್ಕಿಂತ ಎರಡು ಗಂಟೆಗೂ ಹೆಚ್ಚು ಹಿಡಿಯಬಹುದು.

ನಕಾಶೆಯ ಗೆರೆಯನ್ನು ರಾಜಕೀಯವೂ ತಿದ್ದುತ್ತದೆ. ಇದಕ್ಕೆ ಫಿನ್ಲೆಂಡಿನ ಫಿನ್ನೇರ್‌ಗಿಂತ ಒಳ್ಳೆಯ ನಿದರ್ಶನ ಸಿಗದು. ರಷ್ಯಾದ ಮೇಲಿಂದ ಏಷ್ಯಾಕ್ಕೆ ಹತ್ತಿರದ ದಾರಿ ಎಂಬ ಒಂದೇ ಬಲದ ಮೇಲೆ ಆ ಕಂಪನಿ ಹೆಲ್ಸಿಂಕಿಯನ್ನು ತನ್ನ ಕೇಂದ್ರವಾಗಿ ಕಟ್ಟಿತ್ತು. 2022ರಲ್ಲಿ ರಷ್ಯಾದ ಆಕಾಶ ಯುರೋಪಿನ ಕಂಪನಿಗಳಿಗೆ ಮುಚ್ಚಿತು. ಒಂಬತ್ತೂವರೆ ಗಂಟೆಯ ಟೋಕಿಯೊ ಹಾರಾಟ ಹದಿಮೂರು ಗಂಟೆಯ ಹತ್ತಿರ ಬಂತು. ಬ್ರಿಟಿಷ್ ಏರ್‌ವೇಸ್ 2024ರಲ್ಲಿ ಬೀಜಿಂಗ್ ದಾರಿಯನ್ನೇ ಕೈಬಿಟ್ಟಿತು. ಆದರೆ ಚೀನಾದ ಕಂಪನಿಗಳಿಗೆ ರಷ್ಯಾದ ಬಾಗಿಲು ತೆರೆದೇ ಇದೆ, ಹಾಗಾಗಿ ಯುರೋಪ್–ಪೂರ್ವ ಏಷ್ಯಾ ನಡುವೆ ಅವು ಸಮಯದಲ್ಲೂ ದರದಲ್ಲೂ ಮುಂದೆ. ಐದು ವರ್ಷ ಹಿಂದೆ ಯಾರೋ ಹೇಳಿದ ‘ಅತ್ಯುತ್ತಮ ದಾರಿ’ ಇವತ್ತಿಗೂ ಹಾಗೇ ಇರುತ್ತದೆಂದು ನಂಬುವಂತಿಲ್ಲ.

ದಾರಿ ಯಾವುದೆಂದು ತೀರ್ಮಾನವಾದ ಮೇಲೆ ಅದು ಎಲ್ಲಿ ತುಂಡಾಗುತ್ತದೆ ಎಂದು ನೋಡಬೇಕು. ಮೇಲ್ದರ್ಜೆಗೆ ಹಣ ಹಾಕುವುದು ಲಾಭವೋ ನಷ್ಟವೋ ನಿರ್ಧಾರವಾಗುವುದು ಇಲ್ಲಿ. ಸ್ಯಾನ್‌ಫ್ರಾನ್ಸಿಸ್ಕೊ–ದುಬೈ ಸುಮಾರು ಹದಿನಾರು ಗಂಟೆ, ದುಬೈ–ಬೆಂಗಳೂರು ಬರೀ ನಾಲ್ಕು. ಫ್ರಾಂಕ್‌ಫರ್ಟ್ ಮೂಲಕವಾದರೆ ಹನ್ನೊಂದು ಮತ್ತು ಒಂಬತ್ತು. ಮೊದಲ ದಾರಿಯಲ್ಲಿ ಒಂದೇ ಹಾರಾಟಕ್ಕೆ ಬಿಸಿನೆಸ್ ಕ್ಲಾಸ್ ಹಾಕಿಸಿಕೊಂಡರೆ ಪೂರ್ತಿ ಒಂದು ರಾತ್ರಿಯ ನಿದ್ದೆ ಕೈಗೆ ಸಿಗುತ್ತದೆ. ಉಳಿದ ನಾಲ್ಕು ಗಂಟೆ ಎಕಾನಮಿಯಲ್ಲಿ ಕೂತರೆ ಯಾರ ಬೆನ್ನೂ ಮುರಿಯುವುದಿಲ್ಲ. ಎರಡನೆಯದರಲ್ಲಿ ಯಾವ ತುಂಡಿಗೆ ಹಣ ಹಾಕಿದರೂ ಇನ್ನೊಂದು ತುಂಡು ದಣಿಸುತ್ತದೆ. ಕಂಪನಿಯಲ್ಲಿ ಕೂಡಿಟ್ಟ ಮೈಲುಗಳಿಂದಾಗಲಿ ಹರಾಜಿನಿಂದಾಗಲಿ ಸೀಟು ಮೇಲೇರುವುದು ಸಾಮಾನ್ಯವಾಗಿ ಒಂದೊಂದು ತುಂಡಿಗೆ ಬೇರೆ ಬೇರೆಯಾಗಿ. ಹೀಗಿರುವಾಗ ಎರಡೂ ತುಂಡಿಗೆ ಹಣ ಸುರಿಯುವುದು ನನ್ನ ಪ್ರಕಾರ ಪ್ರತಿಷ್ಠೆಯ ಖರ್ಚು.

ಹರಾಜಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಎಕಾನಮಿ ಟಿಕೆಟ್ ಇದ್ದವರನ್ನು ಕಂಪನಿ ಕೇಳುತ್ತದೆ, ‘ಮೇಲ್ದರ್ಜೆಗೆ ಎಷ್ಟು ಕೊಡುತ್ತೀರಿ?’ ಎಂದು. ಪರದೆಯ ಮೇಲೊಂದು ಮುಳ್ಳು, ಕೆಂಪಿನಿಂದ ಹಸಿರಿಗೆ ಸರಿಯುತ್ತದೆ. ಬಹಿರಂಗ ಹರಾಜಿನಲ್ಲಿ ಪಕ್ಕದವನು ಎಷ್ಟಕ್ಕೆ ಕೂಗಿದ ಎಂಬುದಾದರೂ ತಿಳಿಯುತ್ತದೆ, ಇಲ್ಲಿ ಅದೂ ಇಲ್ಲ. ಒಪ್ಪಿಗೆಯಾದರೆ ಕಾರ್ಡಿನಿಂದ ಹಣ ಕಡಿತ, ಸಾಮಾನ್ಯವಾಗಿ ಅದು ವಾಪಸಿಲ್ಲ. ಒಂದೇ ಬುಕಿಂಗ್‌ನಲ್ಲಿ ಗಂಡ ಹೆಂಡತಿ ಇಬ್ಬರಿದ್ದರೆ ಹೆಚ್ಚಿನ ಕಡೆ ಇಬ್ಬರಿಗೂ ಸೇರಿಸಿಯೇ ಕೂಗಬೇಕು. ಅಪ್ಪನಿಗೆ ಮಂಡಿನೋವೆಂದು ಅವರೊಬ್ಬರಿಗೇ ಹಾಕಿಸಲಾಗದು. ಮೂಲ ಟಿಕೆಟ್ಟಿನ ನಿಯಮಗಳು ಹಾಗೇ ಉಳಿಯುತ್ತವೆ. ಪ್ರಯಾಣ ಮುಂದೂಡಿದರೆ ಅನ್ವಯವಾಗುವುದು ಅಗ್ಗದ ಎಕಾನಮಿಯ ಷರತ್ತೇ ಹೊರತು ಬಿಸಿನೆಸ್ ಕ್ಲಾಸಿನ ಧಾರಾಳವಲ್ಲ.

ಕೊಳ್ಳುವ ಸೀಟಾದರೂ ಎಂಥದ್ದು? ಎಮಿರೇಟ್ಸ್‌ನ ಎ380 ವಿಮಾನದ ಬಿಸಿನೆಸ್ ಕ್ಲಾಸಿನಲ್ಲಿ ಸೀಟುಗಳು ಸಾಲಿಗೆ 1-2-1. ಪ್ರತಿಯೊಬ್ಬರಿಗೂ ಓಡಾಡುವ ದಾರಿ ಪಕ್ಕದಲ್ಲೇ. ಅದೇ ಕಂಪನಿಯ ಹಳೆಯ ವಿನ್ಯಾಸದ 777ರಲ್ಲಿ 2-3-2. ಲಕ್ಷಾಂತರ ರೂಪಾಯಿ ಕೊಟ್ಟು ಇಬ್ಬರ ನಡುವೆ ಕೂರುವ ಯೋಗ ಅಲ್ಲಿ ಉಂಟು! ಎ380 ಬೆಂಗಳೂರಿಗೆ 2022ರ ಅಕ್ಟೋಬರ್‌ನಿಂದ ಬರುತ್ತಿದೆ, ಆದರೆ ಎಲ್ಲ ಹೊತ್ತಿನ ವಿಮಾನವೂ ಅದಲ್ಲ. ದರ್ಜೆಯ ಹೆಸರಿನೊಳಗೂ ಈಗ ಒಳದರ್ಜೆಗಳಿವೆ. ಲೌಂಜ್ ಪ್ರವೇಶವಿಲ್ಲದ ಬಿಸಿನೆಸ್ ಟಿಕೆಟ್ಟನ್ನು ಎಮಿರೇಟ್ಸ್ 2019ರಲ್ಲಿ ತಂದಿತು, ಕತಾರ್ ಏರ್‌ವೇಸ್ ಮರುವರ್ಷ ಅದೇ ಹಾದಿ ಹಿಡಿಯಿತು. ಸಂಜೆ ಇಳಿದು ಬೆಳಗಿನ ಜಾವ ಹತ್ತಬೇಕಾದವರಿಗೆ ಬೇಕಾದದ್ದೇ ಆ ಲೌಂಜು. ಕೋಡ್‌ಶೇರ್ ಎಂಬ ಇನ್ನೊಂದು ಮಾಯೆಯಿದೆ: ಟಿಕೆಟ್ಟಿನ ಮೇಲೆ ಒಂದು ಕಂಪನಿಯ ನಂಬರು, ಹಾರಿಸುವುದು ಇನ್ನೊಂದು ಕಂಪನಿ. ವರ್ಷಗಟ್ಟಲೆ ಕೂಡಿಟ್ಟ ಮೈಲುಗಳು ಅಲ್ಲಿ ಎಷ್ಟೋ ಸಲ ಕೆಲಸಕ್ಕೆ ಬರುವುದಿಲ್ಲ. ಭಾರತದಿಂದ ಹೊರಡುವ ಬಿಸಿನೆಸ್ ಕ್ಲಾಸ್ ಟಿಕೆಟ್ಟಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 12ರಿಂದ ಶೇ 18ಕ್ಕೆ ಏರಿದೆ. ಎಕಾನಮಿಗೆ ಶೇ 5 ಹಾಗೇ ಇದೆ. ಮೇಲ್ದರ್ಜೆಯ ಆಸೆಗೆ ಸರ್ಕಾರವೂ ತನ್ನ ಪಾಲು ಹೆಚ್ಚಿಸಿಕೊಂಡಿದೆ.

ಇಷ್ಟು ಹಣ ಸೀಟಿಗೆ ಸುರಿದವರನ್ನೂ ಟ್ರಾನ್ಸಿಟ್ ವೀಸಾ ಚೆಕ್‌ಇನ್ ಕೌಂಟರಿನಲ್ಲೇ ತಡೆದು ನಿಲ್ಲಿಸಬಲ್ಲದು. ಲಂಡನ್‌ನಲ್ಲಿ ನಿಲ್ದಾಣದ ಹೊರಗೆ ಕಾಲಿಡದೆ ವಿಮಾನ ಬದಲಿಸುವುದಕ್ಕೂ ಭಾರತೀಯರಿಗೆ ವೀಸಾ ಬೇಕು. ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಅಥವಾ ಗ್ರೀನ್ ಕಾರ್ಡ್ ಇದ್ದರೆ ವಿನಾಯಿತಿ. ಕೇಳಲು ಸರಳ. ಎಚ್‌1ಬಿ ನೌಕರಿಯಲ್ಲಿದ್ದು, ಪಾಸ್‌ಪೋರ್ಟಿನ ಹಳೆಯ ವೀಸಾ ಅವಧಿ ಮುಗಿದು, ಹೊಸ ವೀಸಾ ಸ್ಟ್ಯಾಂಪಿಂಗ್‌ಗೆಂದೇ ಊರಿಗೆ ಹೊರಟವರನ್ನು ಈ ವಿನಾಯಿತಿ ಕೈಬಿಡಬಹುದು. ಅಮೆರಿಕದಲ್ಲಿ ಇರಲು ಅವರಿಗೆ ಪೂರ್ತಿ ಹಕ್ಕಿದೆ, ಲಂಡನ್‌ನಲ್ಲಿ ಎರಡು ಗಂಟೆ ಕೂರಲು ಇಲ್ಲ! ಭಾರತೀಯರಿಗೆ ಈ ವೀಸಾ ಕೇಳುತ್ತಿದ್ದ ಜರ್ಮನಿ ಅದನ್ನು ತೆಗೆಯುವುದಾಗಿ 2026ರ ಜನವರಿಯಲ್ಲಿ ಘೋಷಿಸಿತು. ಆದರೆ ಮ್ಯೂನಿಕ್‌ನಲ್ಲಿ ಇಳಿದು ಫ್ರಾಂಕ್‌ಫರ್ಟ್‌ಗೆ ಹಾರಿ ಅಲ್ಲಿಂದ ಬೆಂಗಳೂರಿಗೆ ಹೊರಟರೆ ಅದು ಟ್ರಾನ್ಸಿಟ್ ಎನಿಸುವುದಿಲ್ಲ, ಷೆಂಗೆನ್ ಪ್ರದೇಶಕ್ಕೆ ಪ್ರವೇಶವೇ ಎನಿಸುತ್ತದೆ. ಅದಕ್ಕೆ ಪೂರ್ಣ ವೀಸಾ ಬೇಕು. ದುಬೈ, ದೋಹಾ, ಸಿಂಗಪುರ, ಹಾಂಗ್‌ಕಾಂಗ್, ನರಿಟಾಗಳಲ್ಲಿ ಒಂದೇ ಟಿಕೆಟ್ಟಿನಲ್ಲಿ ಒಳಗಿಂದೊಳಗೇ ವಿಮಾನ ಬದಲಿಸುವವರಿಗೆ ಈ ರಗಳೆ ಇಲ್ಲ. ಟೋಕಿಯೊದ ಹನೆಡಾದಲ್ಲಿ ಇಳಿದು ನರಿಟಾದಿಂದ ಹೊರಡುವ ಟಿಕೆಟ್ ಕೊಂಡವರಿಗೆ ಮಾತ್ರ ಇದೆ. ಅವೆರಡು ಬೇರೆ ಬೇರೆ ನಿಲ್ದಾಣ, ನಡುವೆ ಇಡೀ ನಗರ.

‘ಒಂದೇ ಟಿಕೆಟ್’ ಎಂಬ ಮಾತಿಗೆ ಒತ್ತು ಕೊಡಲು ಕಾರಣವಿದೆ. ಎರಡು ಕಂಪನಿಗಳ ಎರಡು ಬೇರೆ ಟಿಕೆಟ್ಟುಗಳನ್ನು ಹೊಲಿದು ಒಂದೇ ಪ್ರಯಾಣವೆಂಬಂತೆ ಮಾರುವ ಜಾಲತಾಣಗಳಿವೆ. ದರ ನೋಡಿದರೆ ಬಾಯಲ್ಲಿ ನೀರೂರುತ್ತದೆ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಎರಡನೇ ಕಂಪನಿಯ ಲೆಕ್ಕದಲ್ಲಿ ನೀವು ಬಾರದ ಪ್ರಯಾಣಿಕ, ಅಷ್ಟೇ. ಒಂದೇ ಪಿಎನ್‌ಆರ್ ಇದ್ದರೆ ಮುಂದಿನ ವಿಮಾನ ಹುಡುಕಿಕೊಡುವುದು ಕಂಪನಿಯ ಹೊಣೆ. 2024ರ ಏಪ್ರಿಲ್‌ನಲ್ಲಿ ದುಬೈ ಮಳೆಯಲ್ಲಿ ಮುಳುಗಿತು. 2025ರ ಮಾರ್ಚ್‌ನಲ್ಲಿ ಒಂದು ವಿದ್ಯುತ್ ಉಪಕೇಂದ್ರಕ್ಕೆ ಬೆಂಕಿ ಬಿದ್ದು ಹೀಥ್ರೂ ಮುಚ್ಚಿತು. ಅದೇ ವರ್ಷ ಜೂನ್‌ನಲ್ಲಿ ಇರಾನಿನ ಕ್ಷಿಪಣಿಗಳಿಂದಾಗಿ ಕತಾರಿನ ಆಕಾಶ ಬಂದಾಯಿತು. ಜಗತ್ತಿನ ಅತಿ ದಕ್ಷ ಎನಿಸಿಕೊಂಡ ನಿಲ್ದಾಣಗಳಿವು. ಇಂಥ ದಿನ ಪ್ರಯಾಣಿಕನನ್ನು ಕಾಯುವುದು ಆ ಒಂದೇ ಪಿಎನ್‌ಆರ್, ಮಲಗುವ ಸೀಟಲ್ಲ.

ಈ ದಾರಿಯಲ್ಲಿ ಓಡಾಡುವ ಕನ್ನಡಿಗರಲ್ಲಿ ದೊಡ್ಡದೊಂದು ಪಾಲು ಎಂಜಿನಿಯರುಗಳದ್ದಲ್ಲ, ಅವರ ಅಪ್ಪ ಅಮ್ಮಂದಿರದ್ದು. ಮಗಳ ಬಾಣಂತನಕ್ಕೆಂದು ಹಾಸನದಿಂದಲೋ ಧಾರವಾಡದಿಂದಲೋ ಹೊರಟ ತಾಯಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಕೈಚೀಲದಲ್ಲಿ ಬಿಪಿ, ಶುಗರ್ ಮಾತ್ರೆ. ಪೆಟ್ಟಿಗೆ ತುಂಬ ಚಟ್ನಿಪುಡಿ, ಅಂಟಿನುಂಡೆ. ಎಪ್ಪತ್ತು ನಿಮಿಷದ ಕನೆಕ್ಷನ್ ಮಗನ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಕಾಣುತ್ತದೆ. ತಾಯಿಯ ಮಂಡಿಗೆ ಅದು ಶಿಕ್ಷೆ. ಇಂಥವರಿಗೆ ಮೂರರಿಂದ ನಾಲ್ಕು ಗಂಟೆ ಬಿಡುವಿರುವ ದಾರಿ, ಬುಕಿಂಗ್ ಹೊತ್ತಿಗೇ ಕೇಳಿಟ್ಟ ವೀಲ್‌ಚೇರ್, ಸಾಧ್ಯವಾದರೆ ಅದೇ ವಿಮಾನಕ್ಕೆ ಬರುವ ಇನ್ನೊಂದು ಕನ್ನಡ ಕುಟುಂಬ ಇಷ್ಟಿದ್ದರೆ ಸಾಕು. ‘ಈ ತಾರೀಖಿಗೆ ದೋಹಾ ಕಡೆಯಿಂದ ಬರುವವರು ಯಾರಾದರೂ ಇದ್ದೀರಾ, ಅಮ್ಮ ಒಬ್ಬರೇ ಬರುತ್ತಿದ್ದಾರೆ’ ಎಂದು ಕನ್ನಡ ಕೂಟಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಕೇಳುವುದು ಯಾವ ಕಂಪನಿಯೂ ಕೊಡದ ಸೇವೆ.

ಅಮೆರಿಕದಲ್ಲಿ ಮೊದಲು ಇಳಿದ ಊರಲ್ಲೇ ಇಮಿಗ್ರೇಷನ್ ಮುಗಿಸಿ, ಪೆಟ್ಟಿಗೆ ಎತ್ತಿಕೊಂಡು, ಮತ್ತೆ ಒಪ್ಪಿಸಿ ಮುಂದಿನ ವಿಮಾನ ಹಿಡಿಯಬೇಕು. ಆದ್ದರಿಂದ ಅಮೆರಿಕಕ್ಕೆ ಹೋಗುವಾಗ ಕನೆಕ್ಷನ್ ಏಷ್ಯಾದಲ್ಲೋ ಯುರೋಪಿನಲ್ಲೋ ಇದ್ದು, ಅಮೆರಿಕದೊಳಗೆ ಇನ್ನೊಂದು ಇಲ್ಲದಿರುವುದು ಒಳ್ಳೆಯದು. ಅಬುಧಾಬಿಯಲ್ಲಿ 2014ರಿಂದ ಅಮೆರಿಕದ ಇಮಿಗ್ರೇಷನ್ ಅಧಿಕಾರಿಗಳೇ ಕೂತಿದ್ದಾರೆ. ಅಲ್ಲಿ ತಪಾಸಣೆ ಮುಗಿಸಿದವರು ಅಮೆರಿಕದಲ್ಲಿ ದೇಶೀಯ ಪ್ರಯಾಣಿಕರಂತೆ ಇಳಿದು ನಡೆಯುತ್ತಾರೆ. ವಯಸ್ಸಾದವರಿಗೆ ಇದೊಂದು ಅನುಕೂಲಕ್ಕಾಗಿ ನೂರಿನ್ನೂರು ಡಾಲರ್ ಹೆಚ್ಚು ಕೊಟ್ಟರೂ ತಪ್ಪಿಲ್ಲ. ಬೆಂಗಳೂರಿನಲ್ಲಿ 2023ರ ಸೆಪ್ಟೆಂಬರ್‌ನಿಂದ ವಿದೇಶದ ವಿಮಾನಗಳೆಲ್ಲ ಎರಡನೇ ಟರ್ಮಿನಲ್‌ಗೆ ಬರುತ್ತವೆ. ಹುಬ್ಬಳ್ಳಿಗೋ ಮಂಗಳೂರಿಗೋ ಇಂಡಿಗೊ ಹಿಡಿಯುವವರು ಪೆಟ್ಟಿಗೆ ಸಮೇತ ಒಂದನೇ ಟರ್ಮಿನಲ್‌ಗೆ ಸಾಗಬೇಕು. ಟಿಕೆಟ್ ಮಾರುವಾಗ ಇದನ್ನು ಎದ್ದು ಕಾಣುವಂತೆ ಹೇಳುವವರು ಕಡಿಮೆ.

ಪ್ರಯಾಣಿಕನ ಜಾಣತನದಿಂದ ತೀರುವ ಸಮಸ್ಯೆ ಇದಿಷ್ಟೂ ಅಲ್ಲ. ಭಾರತ–ದುಬೈ ಒಪ್ಪಂದದಲ್ಲಿ ಪ್ರತಿ ಕಡೆಗೂ ವಾರಕ್ಕೆ ಸುಮಾರು 65 ಸಾವಿರ ಸೀಟುಗಳ ಮಿತಿ ಇದೆ. ಹೆಚ್ಚಿಸಿ ಎಂದು ಎಮಿರೇಟ್ಸ್ ವರ್ಷಗಳಿಂದ ಕೇಳುತ್ತಿದೆ, ದೆಹಲಿ ಒಪ್ಪಿಲ್ಲ. ನಮ್ಮ ಪ್ರಯಾಣಿಕರನ್ನು ಪರದೇಶದ ನಿಲ್ದಾಣಗಳ ಮೂಲಕ ಕಳಿಸುವ ಬದಲು ನಮ್ಮ ಕಂಪನಿಗಳೇ ನೇರವಾಗಿ ಹಾರಿಸಲಿ ಎಂಬುದು ಸರ್ಕಾರದ ನಿಲುವು. ತತ್ವವಾಗಿ ಒಪ್ಪಬಹುದಾದ ಮಾತೇ. ಆದರೆ ನೇರ ವಿಮಾನಗಳು ಎಲ್ಲ ಊರಿಗೂ ಬರುವವರೆಗೆ ಸೀಟಿನ ಅಭಾವದ ದರ ತೆರುವವರು ಬೇಸಿಗೆ ರಜೆಯಲ್ಲಿ, ಡಿಸೆಂಬರ್‌ನಲ್ಲಿ ಊರಿಗೆ ಬರುವ ಕುಟುಂಬಗಳು. ಮಿತಿ ಸಡಿಲಿಸುವುದು ಸದ್ಯಕ್ಕೆ ಆಗದೆಂದಾದರೆ, ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಕನಿಷ್ಠ ಇಷ್ಟನ್ನಾದರೂ ಕಡ್ಡಾಯ ಮಾಡಬಹುದು: ಭಾರತದಲ್ಲಿ ಮಾರುವ ಪ್ರತಿ ವಿದೇಶ ಟಿಕೆಟ್ಟಿನಲ್ಲೂ ಹಣ ಪಾವತಿಸುವ ಮೊದಲೇ, ಹಾರಿಸುವ ಕಂಪನಿ ಯಾವುದು, ಪಿಎನ್‌ಆರ್ ಒಂದೇ ಅಥವಾ ಎರಡೇ, ನಡುವಿನ ದೇಶ ಭಾರತದ ಪಾಸ್‌ಪೋರ್ಟಿಗೆ ವೀಸಾ ಕೇಳುತ್ತದೆಯೇ, ಟರ್ಮಿನಲ್ ಬದಲಿಸಬೇಕೇ ಎಂಬುದು ದರದಷ್ಟೇ ದೊಡ್ಡ ಅಕ್ಷರದಲ್ಲಿ ಕಾಣಬೇಕು. ಈ ಮಾಹಿತಿಯೆಲ್ಲ ಕಂಪನಿಗಳ ಕಂಪ್ಯೂಟರುಗಳಲ್ಲಿ ಈಗಲೇ ಇದೆ. ಚೆಕ್‌ಇನ್ ಕೌಂಟರಿನಲ್ಲಿ ಪ್ರಯಾಣಿಕರನ್ನು ತಡೆಯಲು ಅವರು ನೋಡುವುದು ಅದನ್ನೇ.